ಇಸ್ತ್ರಿ ಮನೆ

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವನು ನಾನು. ಇಸವಿ ಒಂದು ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದೆ. ಗೋಗರೆಯಲು ಬಂದವರಿಗೆ, "ಇಸವಿ ತಪ್ಪಿದ್ರೆ ಸತ್ತವನು ಎದ್ದು ಕೂರ್ತಾನೆ, ಬದುಕಿದ್ದವನು ಮಾಯ ಆಗ್ತಾನೆ, ಗೊತ್ತಾಯ್ತಾ?" ಎನ್ನುತ್ತಿದ್ದೆ. ಕ್ಲಾಸೆಲ್ಲ ನಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಎರಡು ಕೆಲಸವನ್ನೂ ನಾನೇ ಮಾಡಿದ್ದೇನೆ. ಸತ್ತವರೊಬ್ಬರನ್ನು ಒಂಬತ್ತು ವರ್ಷ ಎಬ್ಬಿಸಿ ಕೂರಿಸಿದೆ. ಬಾಳಿ ಬದುಕಿದ ಒಂದು ಸಂಸಾರವನ್ನು ಮಾಯ ಮಾಡಿದೆ.

ನಮ್ಮ ಮನೆಗೆ ಈಗ ನೂರಾ ಏಳು ವರ್ಷ. ಬೀದಿಯ ತಿರುವಿನಲ್ಲಿದೆ. ಎರಡು ಮೆಟ್ಟಿಲು ಹತ್ತಿದರೆ ದೊಡ್ಡದೊಂದು ಮುಂದಿನ ಕೋಣೆ, ಅದಕ್ಕೆ ಮರದ ಹಲಗೆಯ ನೆಲ. ಇಡೀ ಬೀದಿಯಲ್ಲಿ ಅಂಥ ನೆಲ ಇನ್ನೊಂದಿಲ್ಲ. ವರ್ಷಕ್ಕೊಂದು ಭಾನುವಾರ ಪುರಸಭೆಯವರು ಊರಿನ ಹಳೆಯ ಮನೆಗಳನ್ನು ಜನರಿಗೆ ತೆರೆದು ತೋರಿಸುತ್ತಾರೆ. ಅವತ್ತು ನಾನು ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲೊಂದು ಬೆತ್ತ ಹಿಡಿದು, ಬಂದವರಿಗೆಲ್ಲ ಮನೆಯ ಕಥೆ ಹೇಳುತ್ತೇನೆ. ಹೆಂಡತಿ ಇದಕ್ಕೆ "ನಿಮ್ಮ ಸ್ಪೆಷಲ್ ಕ್ಲಾಸು" ಎಂದು ಹೆಸರಿಟ್ಟಿದ್ದಾಳೆ. ಬಾಗಿಲ ಪಕ್ಕದಲ್ಲಿ ಪುರಸಭೆ ಹಾಕಿದ ಬೋರ್ಡು. ಹೋದ ವರ್ಷದವರೆಗೆ ಅದರಲ್ಲಿ ಮೂರೇ ಸಾಲು. ಮನೆ ಕಟ್ಟಿಸಿದ ನ್ಯಾಯಾಧೀಶರು, ಮೂವತ್ತೊಂದು ವರ್ಷ. ಪಿಟೀಲು ವಿದ್ವಾಂಸರು, ಇಪ್ಪತ್ತೈದು ವರ್ಷ. ಅಲ್ಲಿಂದ ಈಚೆಗೆ ಅಂಚೆ ಕಚೇರಿಯ ಗುಮಾಸ್ತರು, ಅಂದರೆ ನನ್ನ ಅಪ್ಪ, ಅವರಾದ ಮೇಲೆ ನಾನು.

ಈ ಪಟ್ಟಿಯನ್ನು ಪುರಸಭೆಗೆ ಬರೆದುಕೊಟ್ಟವನು ನಾನೇ. ನನ್ನ ಕೈಬರಹ ಮುತ್ತು ಪೋಣಿಸಿದ ಹಾಗಿದೆ ಎಂದು ಅಲ್ಲಿನವರು ಹೊಗಳಿದರು. ಇತಿಹಾಸದ ಮೇಷ್ಟ್ರು ಬರೆದುಕೊಟ್ಟಿದ್ದನ್ನು ಪರೀಕ್ಷಿಸಿ ನೋಡಬೇಕು ಎಂದು ಯಾರಿಗೂ ಅನ್ನಿಸಲಿಲ್ಲ.

ನಿಜ ಏನೆಂದರೆ, ಪಿಟೀಲು ವಿದ್ವಾಂಸರು ಈ ಮನೆಯಲ್ಲಿದ್ದದ್ದು ಹದಿನಾರೇ ವರ್ಷ. ಅವರು ತೀರಿಕೊಂಡ ವರ್ಷವೇ ಅವರ ಹೆಂಡತಿ ಮನೆಯನ್ನು ಮಾರಿದರು. ಕೊಂಡವನು ಇಸ್ತ್ರಿಯವನು. ಮುಂದಿನ ಕೋಣೆಯಲ್ಲೇ ಮೇಜು ಹಾಕಿ, ಇದ್ದಿಲಿನ ಪೆಟ್ಟಿಗೆ ಇಟ್ಟು, ಹದಿನಾಲ್ಕು ವರ್ಷ ಊರಿನ ಅರ್ಧ ಜನರ ಬಟ್ಟೆಗೆ ಇಸ್ತ್ರಿ ಮಾಡಿದ. ಹೆಂಡತಿ, ಮಗಳು, ಅವನು. ಅವನಿಂದಲೇ ನಮ್ಮಪ್ಪ ಮನೆ ಕೊಂಡದ್ದು, ನನಗೆ ಇಪ್ಪತ್ತೆರಡಾಗಿದ್ದಾಗ. ಆ ಹದಿನಾಲ್ಕು ವರ್ಷದಲ್ಲಿ ಒಂಬತ್ತನ್ನು ಸತ್ತ ವಿದ್ವಾಂಸರಿಗೆ ಕೊಟ್ಟೆ, ಉಳಿದ ಐದನ್ನು ನಮ್ಮಪ್ಪನಿಗೆ ಕೊಟ್ಟೆ. ಇಸವಿಗೆ ಇಸವಿ ಕೂಡಿಕೊಂಡಿತು. ಒಂದು ಕೂದಲೆಳೆಯಷ್ಟೂ ಸಂದು ಕಾಣಲಿಲ್ಲ.

ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ ಕಾರಣ ಇಷ್ಟು ಸಣ್ಣದು ಎಂದು ಹೇಳಲೂ ನಾಚಿಕೆಯಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಮುಖ್ಯೋಪಾಧ್ಯಾಯರು ಎಲ್ಲರೆದುರಿಗೆ, "ಮನೆ ಎಲ್ರೀ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಗಂಟೆ ಹೊಡೆಯುವ ಮುದುಕ, "ಇಸ್ತ್ರಿ ಮನೆ ಸಾರ್, ತಿರುವಿನಲ್ಲಿದೆಯಲ್ಲ" ಎಂದ. ಸ್ಟಾಫ್ ರೂಮು ಗೊಳ್ಳೆಂದಿತು. ಎರಡು ದಿನಕ್ಕೆಲ್ಲ ಅದು ಮಕ್ಕಳ ಕಿವಿಗೂ ಬಿತ್ತು. ಆಮೇಲೆ ನಾನು "ಇಸ್ತ್ರಿ ಮೇಷ್ಟ್ರು." ಕ್ಲಾಸಿನ ಕರಿಹಲಗೆಯ ಮೇಲೆ ಇಸ್ತ್ರಿ ಪೆಟ್ಟಿಗೆಯ ಚಿತ್ರ. ನಾನು ಕ್ಲಾಸಿಗೆ ಬಂದರೆ ಹಿಂದಿನ ಬೆಂಚಿನಿಂದ ಬುಸ್ಸೆಂದು ನೀರು ಚಿಮುಕಿಸುವ ಸದ್ದು. ಇಪ್ಪತ್ತಮೂರು ವರ್ಷದ ಹುಡುಗ ನಾನು, ಹೊಸ ಕೆಲಸ, ಮೂಗಿನ ತುದಿಯಲ್ಲಿ ಕೋಪ. ಅವತ್ತೇ ಹಟ ತೊಟ್ಟೆ. ಇದು ಇಸ್ತ್ರಿ ಮನೆಯಲ್ಲ, ಜಡ್ಜ್ ಮನೆ.

ಹೆಸರು ಬದಲಾಗಲು ಹದಿನೈದು ವರ್ಷ ಹಿಡಿಯಿತು. ಗೇಟಿಗೆ ಫಲಕ ಹಾಕಿಸಿದೆ, ಕಾಗದಗಳ ಮೇಲೆ ಬರೆದೆ, ಹಾಲಿನವನಿಂದ ಹಿಡಿದು ಎಲ್ಲರನ್ನೂ ತಿದ್ದಿದೆ. ಇಸ್ತ್ರಿಯವನನ್ನು ನೆನಪಿಟ್ಟಿದ್ದ ಮುದುಕರು ಒಬ್ಬೊಬ್ಬರಾಗಿ ಹೋದರು. ಅವರು ಹೋದಾಗಲೆಲ್ಲ ನನಗೆ ಒಳಗೊಳಗೇ ನಿರಾಳವಾಗುತ್ತಿತ್ತು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ನಿಜ.

ಉಳಿದದ್ದು ಒಂದೇ ತೊಡಕು, ನೆಲದ ಮೇಲಿನ ಗುರುತು. ಮುಂದಿನ ಕೋಣೆಯಲ್ಲಿ, ಕಿಟಕಿಯಿಂದ ನಾಲ್ಕನೆಯ ಹಲಗೆಯ ಮೇಲೆ, ಅಂಗೈ ಅಗಲದ ಸುಟ್ಟ ಕಲೆ. ಒಂದು ತುದಿ ಚೂಪು, ಇನ್ನೊಂದು ತುದಿ ಅಗಲ. ಕಣ್ಣಿದ್ದವರಿಗೆ ಅದು ಇಸ್ತ್ರಿ ಪೆಟ್ಟಿಗೆಯ ಗುರುತೆಂದು ಗೊತ್ತಾಗಲೇಬೇಕು. ಬೀಗದ ಕೈ ಕೊಡುವ ದಿನ ಇಸ್ತ್ರಿಯವನು ಅದನ್ನು ತೋರಿಸಿ ನಮ್ಮಪ್ಪನಿಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. ನಾನು ಪಕ್ಕದಲ್ಲೇ ಟ್ರಂಕು ಹಿಡಿದು ನಿಂತಿದ್ದೆ.

"ಈ ಮನೆಗೆ ಬಂದು ಇನ್ನೂ ಒಂದು ವಾರ ಆಗಿರಲಿಲ್ಲ ಸಾರ್. ಮಗಳಿಗೆ ಒಂಬತ್ತು ವರ್ಷ. ಯಾರೋ ಕರೆದ್ರು ಅಂತ ಕಾದ ಪೆಟ್ಟಿಗೆನ ನೆಲದ ಮೇಲಿಟ್ಟು ಓಡಿದ್ಲು. ಬಂದು ನೋಡ್ತೀನಿ, ಹೊಗೆ. ಹೊಡೆಯೋಕೆ ಕೈ ಎತ್ತಿದೆ. ಆಮೇಲೆ ಅನ್ನಿಸ್ತು, ಜಡ್ಜ್ ಸಾಹೇಬರು ಕಟ್ಟಿಸಿದ ಮನೆ, ಅದರಲ್ಲಿ ನಮ್ಮದೂ ಒಂದು ರುಜು ಬಿತ್ತಲ್ಲ ಅಂತ. ಎತ್ತಿದ ಕೈ ಇಳಿಸಿಬಿಟ್ಟೆ. ನೀವು ಏನು ಬೇಕಾದ್ರೂ ಮಾಡ್ಕೊಳ್ಳಿ, ಇದೊಂದು ಹಲಗೆ ಮಾತ್ರ ಕೀಳಬೇಡಿ."

"ಕೀಳಲ್ಲ ಬಿಡಪ್ಪ" ಎಂದರು ಅಪ್ಪ.

ಇದ್ದಿಲ ಹೊಗೆ ಕುಡಿದು ಕುಡಿದು ಅವನ ಎದೆ ಹಾಳಾಗಿತ್ತು. ಗಾಳಿ ಚೆನ್ನಾಗಿರುವ ಕಡೆ ಹೋಗಿ ಎಂದು ಡಾಕ್ಟರು ಹೇಳಿದ್ದಕ್ಕೆ ಮನೆ ಬಿಟ್ಟದ್ದು. ಇನ್ನೊಂದು ಮಾತು. ಅದೇ ವರ್ಷ ನನ್ನ ಮೊದಲ ಇಂಟರ್‌ವ್ಯೂ ಇತ್ತು. ಇದ್ದ ಒಂದೇ ಒಳ್ಳೆಯ ಅಂಗಿಯನ್ನು ಅವನ ಹತ್ತಿರ ಒಯ್ದಿದ್ದೆ. ಕೆಮ್ಮುತ್ತಾ ಕಾಲರನ್ನು ಎರಡೆರಡು ಸಲ ಒತ್ತಿ, ಮಗಳ ಕೈಯಲ್ಲಿ ಕೊಟ್ಟು, "ಮೇಷ್ಟ್ರಿಗೆ ಕೊಡಮ್ಮ" ಎಂದ. ಕೆಲಸ ಇನ್ನೂ ಸಿಕ್ಕಿರಲಿಲ್ಲ. ಲೋಕದಲ್ಲಿ ನನ್ನನ್ನು ಮೊದಲ ಸಲ ಮೇಷ್ಟ್ರು ಎಂದವನು ಅವನು.

ಅಪ್ಪ ಕೊಟ್ಟ ಮಾತನ್ನು ನಾನು ಮುರಿಯಲಿಲ್ಲ. ಹಲಗೆ ಕೀಳಲಿಲ್ಲ, ಪ್ರತಿ ವರ್ಷ ಎಣ್ಣೆ ಕೂಡ ಹಚ್ಚಿದೆ. ಕಥೆ ಮಾತ್ರ ಬದಲಾಯಿಸಿದೆ. ನ್ಯಾಯಾಧೀಶರು ಒಬ್ಬ ನಿರಪರಾಧಿಗೆ ಶಿಕ್ಷೆ ಕೊಟ್ಟು ಮನೆಗೆ ಬಂದರಂತೆ, ನಿಜ ಗೊತ್ತಾದಾಗ ಅವರ ಕೈಯಿಂದ ದೀಪ ಜಾರಿ ಬಿತ್ತಂತೆ, ಚೆಲ್ಲಿದ ಎಣ್ಣೆ ಹೊತ್ತಿಕೊಂಡು ಈ ಕಲೆ ಉಳಿಯಿತಂತೆ. ಇಲ್ಲಿಗೆ ಬಂದಾಗ ದನಿ ಸ್ವಲ್ಪ ತಗ್ಗಿಸುತ್ತಿದ್ದೆ. ನಮ್ಮ ಬೀದಿಯ ಕಂಟ್ರಾಕ್ಟರು ಪ್ರತಿ ವರ್ಷ ಬಂದು ಪ್ರತಿ ವರ್ಷವೂ ಕಣ್ಣೊರೆಸಿಕೊಳ್ಳುತ್ತಿದ್ದ.

ಹೋದ ವರ್ಷದ ಭಾನುವಾರ ಹನ್ನೊಂದು ಗಂಟೆಯ ಗುಂಪಿನಲ್ಲಿ ಒಬ್ಬ ಹೆಂಗಸು ಬಂದರು. ಎಪ್ಪತ್ತರ ಹತ್ತಿರದವರು, ಜೊತೆಗೆ ಮೊಮ್ಮಗಳು. ಮೊದಲು ನಾನು ಗಮನ ಕೊಡಲಿಲ್ಲ. ನ್ಯಾಯಾಧೀಶರ ದೀಪ ಜಾರಿಸುವ ಹೊತ್ತಿಗೆ ನೋಡುತ್ತೇನೆ, ಅವರು ಪಕ್ಕದ ಮೇಜಿನ ಬಟ್ಟೆಯ ಮೇಲೆ ಕೈ ಇಟ್ಟಿದ್ದಾರೆ. ಬೆರಳನ್ನು ಒಳಗೆ ಮಡಚಿ, ಅಂಗೈಯ ಹಿಂಬದಿಯಿಂದ ಸುಕ್ಕನ್ನು ಮೆಲ್ಲಗೆ ಅಂಚಿಗೆ ಒಯ್ಯುತ್ತಿದ್ದಾರೆ. ಬಟ್ಟೆ ಬಿಸಿಯೋ ತಣ್ಣಗೋ ಎಂದು ನೋಡುವವರು ಮಾತ್ರ ಹಾಗೆ ಕೈ ಆಡಿಸುತ್ತಾರೆ. ಅಂಗಿ ತಂದುಕೊಟ್ಟ ಹುಡುಗಿ.

ನಾಲಿಗೆ ತನ್ನ ಪಾಡಿಗೆ ಕಥೆ ಮುಗಿಸಿತು. ಕಂಟ್ರಾಕ್ಟರು ಕಣ್ಣೊರೆಸಿಕೊಂಡ. ಮೊಮ್ಮಗಳು ಬೋರ್ಡಿನ ಹತ್ತಿರ ಹೋಗಿ ಮೂರು ಸಾಲನ್ನೂ ಓದಿ ಬಂದು ಅಜ್ಜಿಯ ಮುಖ ನೋಡಿದಳು. ಅಜ್ಜಿ ಮೆಲ್ಲಗೆ ನನ್ನನ್ನು ಕೇಳಿದರು.

"ಪಿಟೀಲಿನವರು ಆದ್ಮೇಲೆ, ನಿಮ್ಮ ತಂದೆಯವರು ಬರೋಕೆ ಮುಂಚೆ, ಮಧ್ಯದಲ್ಲಿ ಬೇರೆ ಯಾರಾದ್ರೂ ಇದ್ರಾ?"

ಕೋಣೆಯಲ್ಲಿ ಇಪ್ಪತ್ತು ಜನರಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಅವರು ಯಾರೆಂದು ಗೊತ್ತಿತ್ತು, ನಾನು ಯಾರೆಂದು ಅವರಿಗೂ ಗೊತ್ತಿತ್ತು.

"ಇಲ್ಲಮ್ಮ, ಯಾರೂ ಇರಲಿಲ್ಲ" ಎಂದೆ.

ಅವರು ಜಗಳಕ್ಕೆ ಬರುತ್ತಾರೆ ಎಂದುಕೊಂಡೆ. ಬಂದಿದ್ದರೆ ಬಚಾವಾಗುತ್ತಿದ್ದೆನೋ ಏನೋ, ಕೋಪದಲ್ಲಿ ಕೂಗಾಡಿ ಅವರನ್ನೇ ತಪ್ಪಿತಸ್ಥರನ್ನಾಗಿ ಮಾಡಿಬಿಡುತ್ತಿದ್ದೆ. ಅವರು ಮೊಮ್ಮಗಳ ಕಡೆ ತಿರುಗಿ, ಸಣ್ಣಗೆ ನಕ್ಕು, "ಮನೆ ತಪ್ಪಿದ್ದು ಕಣೇ. ವಯಸ್ಸಾಯ್ತು ನೋಡು, ಹಳೇ ಮನೆಗಳೆಲ್ಲ ಒಂದೇ ತರ ಕಾಣುತ್ತೆ" ಎಂದರು.

ಹತ್ತಿರ ನಿಂತವರು ನಕ್ಕರು, ಮುದುಕರ ಮರೆವಿಗೆ ನಗುವ ಹಾಗೆ. ಯಾರೋ "ನಮ್ಮಮ್ಮನೂ ಹೀಗೇ" ಎಂದರು. ಮೊಮ್ಮಗಳು ನಗಲಿಲ್ಲ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅದು ಅವರ ನೆಲ. ಯಾಕೆ ನುಂಗೀತು?

ಜನ ಹೋದ ಮೇಲೆ ಬಂದವರು ಬರೆಯುವ ಪುಸ್ತಕ ತೆರೆದೆ. ವಿಳಾಸದ ಕಡೆ ಮೊಮ್ಮಗಳ ಅಕ್ಷರದಲ್ಲಿ "ಸಾರ್ವಜನಿಕ ಗ್ರಂಥಾಲಯ" ಎಂದಿತ್ತು. ಅಭಿಪ್ರಾಯದ ಕಡೆ ನಡುಗುವ ಕೈಯ ದಪ್ಪ ಅಕ್ಷರ: "ನೆಲ ಚೆನ್ನಾಗಿ ನೋಡಿಕೊಂಡಿದ್ದೀರಿ. ಸಂತೋಷ."

ಹೆಂಡತಿ ಲೋಟ ತೊಳೆಯುತ್ತಿದ್ದವಳು ಬಂದು ನನ್ನ ಭುಜದ ಮೇಲಿಂದ ಓದಿದಳು. ಮದುವೆಯಾಗಿ ಬಂದ ಮೊದಲ ತಿಂಗಳೇ ಪಕ್ಕದ ಮನೆಯವರು ಅವಳಿಗೆ ಎಲ್ಲ ಹೇಳಿದ್ದರು. ಇಷ್ಟು ವರ್ಷ ನನ್ನನ್ನು ಚುಡಾಯಿಸಿದ್ದಳೇ ಹೊರತು ಬೈದಿರಲಿಲ್ಲ.

"ಅವರೇನಾ?" ಎಂದಳು.

"ಹೂಂ."

"ಗೊತ್ತಿದ್ದೂ ಇಲ್ಲ ಅಂದ್ರಾ?"

ನಾನು ಪುಸ್ತಕ ಮುಚ್ಚಿದೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಎದುರಿಗೆ ಕುಳಿತಳು. "ಮಕ್ಕಳದ್ದು ಒಂದು ಇಸವಿ ತಪ್ಪಿದ್ರೆ ಅರ್ಧ ಮಾರ್ಕ್ ಕಳೀತಿದ್ರಿ. ಹದಿನಾಲ್ಕು ವರ್ಷಕ್ಕೆ ಎಷ್ಟು ಕಳೀಬೇಕು, ನೀವೇ ಹೇಳಿ. ಆಯಮ್ಮ ಮೊಮ್ಮಗಳ ಮುಂದೆ ತನಗೇ ಅರಳುಮರಳು ಅಂತ ಹೇಳ್ಕೊಂಡು ಹೋದ್ರು. ಯಾರ ಮಾನ ಉಳಿಸೋಕೆ?"



ಆದರೂ ಗ್ರಂಥಾಲಯಕ್ಕೆ ಹೋಗಲು ಹನ್ನೆರಡು ದಿನ ಬೇಕಾಯಿತು. ಎರಡು ಸಲ ಅಲ್ಲಿಯ ಮೆಟ್ಟಿಲವರೆಗೂ ಹೋಗಿ, ಏನೋ ಮರೆತವನ ಹಾಗೆ ಜೇಬು ತಡಕಿಕೊಂಡು ವಾಪಸು ಬಂದೆ. ಯಾರು ನೋಡುತ್ತಿದ್ದರು ಎಂದು ಜೇಬು ತಡಕಿದೆನೋ ದೇವರಿಗೇ ಗೊತ್ತು. ಮೂರನೆಯ ಸಲ ಒಳಗೆ ಹೋದೆ. ಆ ಹುಡುಗಿ ಕೌಂಟರಿನಲ್ಲಿ ಕುಳಿತು ವಾಪಸು ಬಂದ ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಕೈಕೊಟ್ಟವು. "ನಿಮ್ಮಜ್ಜಿ ಸುಳ್ಳು ಹೇಳಿಲ್ಲಮ್ಮ. ಮನೆ ತಪ್ಪಿಲ್ಲ. ಸುಳ್ಳು ನನ್ನದು" ಎಂದಷ್ಟೇ ಹೇಳಿದೆ. ಪೇಪರು ಓದುತ್ತಿದ್ದ ಇಬ್ಬರು ತಲೆ ಎತ್ತಿದರು.

ಅವಳು ಕೌಂಟರಿನ ಕೆಳಗಿನಿಂದ ಹಳೆಯ ಪತ್ರಿಕೆಗಳನ್ನು ಕಟ್ಟಿದ ದಪ್ಪ ಪುಸ್ತಕ ತೆಗೆದಳು. ಚೀಟಿ ಇಟ್ಟಿದ್ದ ಪುಟ ತೆರೆದು ನನ್ನ ಕಡೆ ತಿರುಗಿಸಿದಳು. ಪಿಟೀಲು ವಿದ್ವಾಂಸರ ಚಿತ್ರ, ಅದರ ಕೆಳಗೆ ಅವರು ತೀರಿಕೊಂಡ ಸುದ್ದಿ, ತಾರೀಖು.

"ತೀರಿಕೊಂಡ ಮೇಲೂ ಒಂಬತ್ತು ವರ್ಷ ನಿಮ್ಮ ಮನೇಲೇ ಇದ್ರಂತೆ ಸಾರ್, ಬೋರ್ಡಿನ ಪ್ರಕಾರ" ಎಂದಳು. "ಮಾರನೇ ದಿನಾನೇ ಹುಡುಕಿದೆ. ಅಜ್ಜಿಗೆ ಮರೆವಿಲ್ಲ. ಅಜ್ಜಿಗೆ ನನ್ನ ಮೊದಲನೇ ಹಲ್ಲು ಬಿದ್ದ ವಾರ ಕೂಡ ಗೊತ್ತು."

"ಪುರಸಭೆಗೆ ಕೊಡಲಿಲ್ವಾ?"

"ಕೊಡೋಕೆ ಹೊರಟಿದ್ದೆ. ಅಜ್ಜಿ ಬೇಡ ಅಂದ್ರು." ಮುದ್ರೆಯನ್ನು ಪಕ್ಕಕ್ಕಿಟ್ಟಳು. "'ಅವರು ಊರ ಮಕ್ಕಳಿಗೆಲ್ಲ ಪಾಠ ಹೇಳಿದವರು. ಅವರ ಮನೇಲೇ, ಬಂದ ಜನರ ಮುಂದೆ ಅವರ ಮುಖ ಕೆಡಿಸೋದು ನನಗೆ ಬೇಡ. ಮನಸ್ಸು ಬಂದ್ರೆ ಅವರೇ ಹೇಳ್ತಾರೆ' ಅಂದ್ರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ ಸಾರ್. ಚಿಕ್ಕವಳಿದ್ದಾಗಿಂದ ಅಜ್ಜಿ ಆ ಮನೆ ಬಗ್ಗೆ ಹೇಳ್ತಾನೇ ಇದ್ರು. ನೆಲದ ಮೇಲೆ ನಮ್ಮದೂ ಒಂದು ರುಜು ಇದೆ ಬಾ ತೋರಿಸ್ತೀನಿ ಅಂತ ಕರ್ಕೊಂಡು ಬಂದ್ರು. ವಾಪಸು ಹೋಗ್ತಾ ಬಸ್ಸಲ್ಲಿ ಒಂದು ಮಾತೂ ಆಡಲಿಲ್ಲ."

ನನ್ನ ಕಣ್ಣಲ್ಲಿ ನೀರು ಬಂತು. ಅದಕ್ಕೂ ನಾಚಿಕೆಯಾಯಿತು. ಅಳುವ ಹಕ್ಕು ನನ್ನದಾಗಿರಲಿಲ್ಲ.

"ಮನೆಗೆ ಬಂದು ಅಜ್ಜಿ ಹತ್ರ ಕ್ಷಮೆ ಕೇಳ್ಲಾ ಅಮ್ಮ?"

ಅವಳು ಮತ್ತೆ ಮುದ್ರೆ ಕೈಗೆತ್ತಿಕೊಂಡಳು. "ಬೇಡ ಸಾರ್. ಇಲ್ಲ ಅಂದಿದ್ದು ಎಲ್ಲರ ಮುಂದೆ. ಇದ್ರು ಅನ್ನೋದನ್ನ ಮೂಲೇಲಿ ಹೇಳಿದ್ರೆ ಆಗುತ್ತಾ?"

ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನನಗೆ ಯಾರೂ ಇಷ್ಟು ನೇರವಾಗಿ ಪಾಠ ಹೇಳಿರಲಿಲ್ಲ.

ಅಲ್ಲಿಂದ ಸೀದಾ ಪುರಸಭೆಗೆ ಹೋದೆ. ಬೋರ್ಡು ತಿದ್ದಬೇಕೆಂದು ಅರ್ಜಿ ಬರೆದೆ, ಅದೇ ಮುತ್ತಿನಂಥ ಅಕ್ಷರದಲ್ಲಿ. ಗುಮಾಸ್ತ ಎರಡು ಸಲ ಓದಿ ಕನ್ನಡಕ ತೆಗೆದ. "ಮನೆ ಗೌರವ ಏರಿಸಿ ಅಂತ ಬರೋರನ್ನ ನೋಡಿದೀನಿ ಸಾರ್. ಇಳಿಸಿ ಅಂತ ಯಾರೂ ಬಂದಿರಲಿಲ್ಲ" ಎಂದ.

"ಇಳಿಯೋದು ಏನೂ ಇಲ್ಲ ಕಣಯ್ಯಾ, ಸುಮ್ನೆ ತಗೋ" ಎಂದು ರೇಗಿದೆ. ಹೊರಗೆ ಬಂದ ಮೇಲೆ ಹೊಳೆಯಿತು. ಅವನು ಬಾಯಿಬಿಟ್ಟು ಹೇಳಿದ್ದನ್ನೇ ನಾನು ನಲವತ್ತೈದು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಬೋರ್ಡು ಬರಲು ಏಳು ತಿಂಗಳಾಯಿತು. ಈಗ ನಾಲ್ಕು ಸಾಲು. ಪಿಟೀಲು ವಿದ್ವಾಂಸರು, ಹದಿನಾರು ವರ್ಷ. ಇಸ್ತ್ರಿ ಕೆಲಸದವರು, ಹದಿನಾಲ್ಕು ವರ್ಷ. ಗೇಟಿನ ಮೇಲಿದ್ದ ನನ್ನ ಫಲಕವನ್ನು ಹೆಂಡತಿಯೇ ಬಿಚ್ಚಿದಳು. ಗ್ರಂಥಾಲಯಕ್ಕೆ ಹೋಗಿ, ಈ ವರ್ಷ ಮನೆ ತೋರಿಸುವ ಭಾನುವಾರ ಇಂಥ ತಾರೀಖಿಗೆ ಬಂದಿದೆ ಎಂದು ಹೇಳಿ ಬಂದೆ. ಆ ಹುಡುಗಿ ಬರುತ್ತೇವೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಈ ವರ್ಷದ ಮೊದಲ ಗುಂಪಿನಲ್ಲೇ ಅವರಿಬ್ಬರೂ ಬಂದರು. ಎಲ್ಲರ ಹಿಂದೆ, ಬಾಗಿಲ ಹತ್ತಿರ ನಿಂತರು. ಕಂಟ್ರಾಕ್ಟರು ಎಂದಿನಂತೆ ಮುಂದಿನ ಸಾಲಿನಲ್ಲಿ, ಕರ್ಚೀಫು ಸಮೇತ. ನ್ಯಾಯಾಧೀಶರದ್ದೂ ವಿದ್ವಾಂಸರದ್ದೂ ಬೇಗ ಬೇಗ ಮುಗಿಸಿ ನಾಲ್ಕನೆಯ ಹಲಗೆಯ ಹತ್ತಿರ ಬಂದೆ.

"ಹೋದ ವರ್ಷ ಇಲ್ಲೇ ನಿಂತು ನಾನು ಸುಳ್ಳು ಹೇಳಿದೆ" ಎಂದೆ. "ಅದಕ್ಕೂ ಹಿಂದಿನ ವರ್ಷಗಳಲ್ಲೂ ಅದೇ ಸುಳ್ಳು. ಜಡ್ಜ್ ಸಾಹೇಬರ ಕೈಯಿಂದ ಯಾವ ದೀಪವೂ ಬಿದ್ದಿಲ್ಲ. ಇದು ಇಸ್ತ್ರಿ ಪೆಟ್ಟಿಗೆ ಗುರುತು. ಈ ಮನೇಲಿ ಹದಿನಾಲ್ಕು ವರ್ಷ ಒಬ್ಬರು ಇಸ್ತ್ರಿಯವರು ಇದ್ರು, ಬಾಡಿಗೆಗಲ್ಲ, ಸ್ವಂತಕ್ಕೆ. ನಮ್ಮಪ್ಪ ಅವರಿಂದಲೇ ಕೊಂಡ್ರು. ಹೋದ ವರ್ಷ ಅವರ ಮಗಳು ಬಂದು ಕೇಳಿದಾಗ ನಾನು ಯಾರೂ ಇರಲಿಲ್ಲ ಅಂದೆ. ಗೊತ್ತಿದ್ದೇ ಅಂದೆ." ಆಮೇಲೆ ಒಂಬತ್ತು ವರ್ಷದ ಹುಡುಗಿಯ ಕಥೆ, ಅವಳಪ್ಪ ಎತ್ತಿ ಇಳಿಸಿದ ಕೈಯ ಕಥೆ, ಒಂದನ್ನೂ ಬಿಡದೆ ಹೇಳಿದೆ.

ಕಂಟ್ರಾಕ್ಟರು ಕರ್ಚೀಫು ನೋಡಿಕೊಂಡು, "ಅಂದ್ರೆ ಮೇಷ್ಟ್ರೇ, ನಾನು ಇಷ್ಟು ವರ್ಷ ಅತ್ತಿದ್ದು ಇಸ್ತ್ರಿ ಪೆಟ್ಟಿಗೆಗಾ?" ಎಂದ. ಜನ ನಕ್ಕರು. ಆ ನಗುವಿನ ನಡುವೆ ಹಿಂದಿನಿಂದ ಬೊಕ್ಕ ತಲೆಯವನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, "ಅದಕ್ಕೇ ನಾವು ಸ್ಕೂಲಲ್ಲಿ ಇವರನ್ನ ಇಸ್ತ್ರಿ ಮೇಷ್ಟ್ರು ಅಂತಿದ್ವಿ!" ಎಂದು ಕೂಗಿದ. ನಗು ಇನ್ನಷ್ಟು ಜೋರಾಯಿತು.

ನನ್ನ ಕಿವಿ ಕೆಂಡವಾಯಿತು. ಅರವತ್ತೊಂಬತ್ತು ವರ್ಷ ವಯಸ್ಸು, ಒಂದು ಇಡೀ ವರ್ಷದ ಪಶ್ಚಾತ್ತಾಪ, ಪುರಸಭೆಗೆ ಅರ್ಜಿ, ಹೊಸ ಬೋರ್ಡು, ಎಲ್ಲ ಆದ ಮೇಲೂ ಆ ಅಡ್ಡಹೆಸರು ಕಿವಿಗೆ ಬಿದ್ದ ಕೂಡಲೇ ಸ್ಟಾಫ್ ರೂಮಿನ ಅದೇ ಹುಡುಗ ಒಳಗಿನಿಂದ ಎದ್ದು ಬಂದ. ತಲೆ ಎತ್ತಿ ನೋಡುತ್ತೇನೆ, ಬಾಗಿಲ ಹತ್ತಿರದಿಂದ ಅಜ್ಜಿ ನನ್ನನ್ನೇ ನೋಡುತ್ತಿದ್ದಾರೆ.

ಗುಂಪು ಹಿಂದಿನ ಕೋಣೆಗೆ ಸರಿಯಿತು. ಅವರು ನಿಧಾನವಾಗಿ ಬಂದು ನಾಲ್ಕನೆಯ ಹಲಗೆಯ ಪಕ್ಕ ನಿಂತರು. ಕಲೆಯನ್ನು ತುಳಿಯಲಿಲ್ಲ.

"ಕಿವಿ ಕೆಂಪಾಗಿದೆ ಮೇಷ್ಟ್ರೇ" ಎಂದರು. "ನಾಚಿಕೆ ಆಯ್ತಾ?"

"ಆಯ್ತು."

"ಸುಳ್ಳು ಹೇಳಿದ್ದಕ್ಕಾ? ಅವರು ಇಸ್ತ್ರಿ ಮೇಷ್ಟ್ರು ಅಂದಿದ್ದಕ್ಕಾ?"

ಸುಲಭದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವರ ತಂದೆ ಎರಡೆರಡು ಸಲ ಕಾಲರು ಒತ್ತಿದ್ದು ನೆನಪಾಯಿತು.

"ಎರಡಕ್ಕೂ" ಎಂದೆ.

ಮೊಮ್ಮಗಳು ಬಗ್ಗಿ ಕಲೆಯ ಚೂಪಾದ ತುದಿಯ ಮೇಲೆ ಬೆರಳಾಡಿಸುತ್ತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ಸದ್ದು ಕೇಳಿತು.

"ನಿಮ್ಮ ಕಾಲರ್ ಮಡಚಿಕೊಂಡಿದೆ, ಸರಿ ಮಾಡ್ಕೊಳ್ಳಿ" ಎಂದರು. "ಮುಂದಿನ ಗುಂಪು ಬಂತು. ಅವರಿಗೂ ಹೇಳಿ."

ನಾನು ಕಾಲರ್ ಸರಿಮಾಡಿಕೊಂಡು ಬಾಗಿಲಿಗೆ ಹೋದೆ.